ಅಮೆರಿಕದ ಪಡುವಣ ಚಿತ್ರಗಳಲ್ಲಿ ವೀರನೂ ಊರೂ ಬಯಲೂ

೧

ವೀರಕಥೆಯಿಲ್ಲದ ಜನಾಂಗವು ಲೋಕದಲ್ಲಿ ಇಲ್ಲವೆಂದೇ ಹೇಳಬಹುದು. ಹಳೆಯ ಜನಾಂಗಗಳಲ್ಲಿ ಇಂತಹ ಕಥೆಗಳು ಮೊದಲು ಬಾಯಿಂದ ಬಾಯಿಗೆ ಹರಿದು, ಬಳಿಕ ಕವಿಗಳ ಕೈಯಲ್ಲಿ ಕಾವ್ಯಗಳಾಗಿ, ಕಡೆಗೆ ನಡೆದುದಾವುದು ಕಟ್ಟಿದುದಾವುದು ಎಂದು ಬೇರ್ಪಡಿಸಲಾಗದಂತೆ ಬೆರೆತುಹೋಗಿರುತ್ತವೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸ್ಥಿತಿಯು ಹಾಗಲ್ಲ. ಆ ನಾಡಿನ ವೀರಕಥೆ ನಡೆದದ್ದು ವೃತ್ತಪತ್ರಿಕೆ, ತಂತಿ, ಛಾಯಾಚಿತ್ರ, ನ್ಯಾಯಸ್ಥಾನದ ಕಾಗದಪತ್ರ ಇವೆಲ್ಲವೂ ಬಂದ ಮೇಲೆ. ಅದನ್ನು ಲೋಕಕ್ಕೆಲ್ಲ ಸಾರಿದ್ದು ಚಲಚ್ಚಿತ್ರ. ವೀರನೆನಿಸಿಕೊಂಡವನೇ ಆ ಚಿತ್ರಗಳು ತಯಾರಾಗುವ ನಗರಕ್ಕೆ ಬಂದು ನೆಲಸಿದ ಉದಾಹರಣೆಯೂ ಉಂಟು. ಅರಿಜೋನಾದ ಟೂಂಬ್‌ಸ್ಟೋನ್ ಎಂಬ ಗಣಿಯೂರಿನಲ್ಲಿ ೧೮೮೧ರಲ್ಲಿ ಗುಂಡಿನ ಕಾಳಗ ಮಾಡಿದ ವೈಯಟ್ ಅರ್ಪ್ ಎಂಬಾತನು ೧೯೨೯ರಲ್ಲಿ, ತನ್ನ ೮೦ನೆಯ ವಯಸ್ಸಿನಲ್ಲಿ, ಲಾಸ್ ಏಂಜಲೀಸ್ ನಗರದಲ್ಲಿ ತೀರಿಕೊಂಡನು. ಅವನ ಶವಕ್ಕೆ ಹೆಗಲು ಕೊಟ್ಟವರಲ್ಲಿ ವಿಲಿಯಂ ಎಸ್. ಹಾರ್ಟ್, ಟಾಮ್ ಮಿಕ್ಸ್ ಎಂಬ ಇಬ್ಬರು ಚಿತ್ರನಟರಿದ್ದರು.

ಆದುದರಿಂದ ಇತಿಹಾಸವೂ ಐತಿಹ್ಯವೂ ಪಕ್ಕಪಕ್ಕದಲ್ಲಿ ನಿಂತಿರುವುದನ್ನು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆಯಲ್ಲಿ ಕಾಣುವುದು ಕಷ್ಟ. 'ವೆಸ್ಟರ್ನ್' ಎಂದು ಹೆಸರಾದ ಈ ಪಡುವಣ ಸೀಮೆಯ ಚಿತ್ರಗಳಲ್ಲಿ ಮೂರು ಅಂಗಗಳು ತಪ್ಪದೆ ಇರುತ್ತವೆ: ಕುದುರೆಯೇರಿ ಬರುವ ಒಬ್ಬ ವೀರ, ಆಗತಾನೆ ಏಳುತ್ತಿರುವ ಒಂದು ಊರು, ಎರಡನ್ನೂ ಸುತ್ತುವರಿದ ಬಯಲು. ವೀರನು ಊರನ್ನು ಕಾಯುತ್ತಾನೆ. ಊರಿನಲ್ಲಿ ಅವನಿಗೆ ನೆಲೆಯಿಲ್ಲ. ಬಯಲು ಯಾರ ಸೊತ್ತೂ ಅಲ್ಲವೆಂಬಂತೆ ಬಿದ್ದಿರುತ್ತದೆ. ಈ ಮೂರರಲ್ಲಿ ಕಡೆಯದೇ ದೊಡ್ಡ ಸುಳ್ಳು. ಆ ಸುಳ್ಳನ್ನು ಈ ಜಾತಿಯ ಉತ್ತಮ ಚಿತ್ರಗಳು ಹೇಗೆ ಹೇಳಿದವು, ಮೆಲ್ಲಮೆಲ್ಲನೆ ಹೇಗೆ ಒಪ್ಪಿಕೊಂಡವು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ನಡೆದ ಸಂಗತಿಗಳನ್ನು ನೋಡಬೇಕು. ೧೮೬೨ರಲ್ಲಿ, ಲಿಂಕನ್ ಅಧ್ಯಕ್ಷನಾಗಿದ್ದಾಗ, 'ಹೋಮ್‌ಸ್ಟೆಡ್' ಕಾಯಿದೆ ಜಾರಿಗೆ ಬಂದಿತು. ಐದು ವರ್ಷ ನೆಲದ ಮೇಲೆ ವಾಸವಾಗಿದ್ದು ಸಾಗುವಳಿ ಮಾಡಿದವನಿಗೆ ೧೬೦ ಎಕರೆ ಭೂಮಿ ಅಲ್ಪ ಶುಲ್ಕಕ್ಕೆ ದೊರೆಯುವಂತಾಯಿತು. ೧೮೬೫ರಲ್ಲಿ ಅಂತರ್ಯುದ್ಧ ಮುಗಿಯಿತು. ಟೆಕ್ಸಾಸಿನ ಹುಲ್ಲುಗಾವಲುಗಳಲ್ಲಿ ದನಗಳು ಲೆಕ್ಕವಿಲ್ಲದೆ ಹೆಚ್ಚಿದ್ದವು. ಉತ್ತರದ ನಗರಗಳಲ್ಲಿ ಮಾಂಸಕ್ಕೆ ಬೆಲೆಯಿತ್ತು. ೧೮೬೭ರಿಂದ ಮಂದೆಗಳನ್ನು ನೂರಾರು ಮೈಲಿ ಅಟ್ಟಿಕೊಂಡು ಹೋಗಿ ಕ್ಯಾನ್ಸಾಸಿನ ಆಬಿಲೀನ್ ಎಂಬ ರೈಲು ನಿಲ್ದಾಣಕ್ಕೆ ಮುಟ್ಟಿಸುವ ಉದ್ಯೋಗ ಬೆಳೆಯಿತು. ಈ ಉದ್ಯೋಗದ ಕೂಲಿಯಾಳೇ ಮುಂದೆ ಲೋಕಪ್ರಸಿದ್ಧನಾದ 'ಕೌಬಾಯ್'. ಕನ್ನಡದ ಹಳೆಯ ಮಾತಿನಲ್ಲಿ ಹೇಳುವುದಾದರೆ ತುರುಗಾಹಿ. ೧೮೬೯ನೆಯ ಮೇ ೧೦ರಂದು ಯೂಟಾ ಸೀಮೆಯ ಪ್ರಾಮಂಟರಿ ಎಂಬಲ್ಲಿ ಪೂರ್ವದಿಂದ ಬಂದ ರೈಲುದಾರಿಯೂ ಪಶ್ಚಿಮದಿಂದ ಬಂದ ರೈಲುದಾರಿಯೂ ಕೂಡಿದವು. ೧೮೭೪ರಲ್ಲಿ ಇಲಿನಾಯ್ ಪ್ರಾಂತದ ಜೋಸೆಫ್ ಗ್ಲಿಡನ್ ಎಂಬ ರೈತನು ಮುಳ್ಳುತಂತಿಗೆ ಪೇಟೆಂಟ್ ಪಡೆದನು. ಬಯಲಿಗೆ ಬೇಲಿ ಬಿದ್ದಂತೆಲ್ಲ ಮಂದೆ ಅಟ್ಟುವವನಿಗೆ ದಾರಿ ಮುಚ್ಚುತ್ತ ಬಂದಿತು. ೧೮೮೬-೮೭ರ ಘೋರವಾದ ಚಳಿಗಾಲದಲ್ಲಿ ಉತ್ತರದ ಬಯಲುಗಳ ದನಗಳು ಲಕ್ಷಗಟ್ಟಲೆ ಸತ್ತವು. ಜನವಸತಿಯ ಅಂಚನ್ನು ಒಂದು ಗೆರೆಯಾಗಿ ನಕ್ಷೆಯಲ್ಲಿ ತೋರಿಸುವುದು ಇನ್ನು ಸಾಧ್ಯವಿಲ್ಲವೆಂದು ೧೮೯೦ರ ಜನಗಣತಿಯ ವರದಿಯು ತಿಳಿಸಿತು. ಲೋಕವು ಒಂದು ಮಹಾಯುಗವೆಂದು ಭಾವಿಸಿರುವ ಈ ಕಾಲವು ಇಪ್ಪತ್ತೈದು ವರ್ಷಗಳಲ್ಲಿ ಮುಗಿದುಹೋಯಿತು.

ಆ ಕಾಲದ ಜನರಾದರೂ ಚಿತ್ರಗಳಲ್ಲಿ ಕಾಣುವಂತೆ ಎಲ್ಲರೂ ಬಿಳಿಯರಾಗಿರಲಿಲ್ಲ. ಟೆಕ್ಸಾಸಿನಿಂದ ಹೊರಟ ತುರುಗಾಹಿಗಳಲ್ಲಿ ನಾಲ್ವರಿಗೊಬ್ಬನು ಕರಿಯನಾಗಿದ್ದನೆಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಬಹುಮಂದಿ ಗುಲಾಮಗಿರಿಯಿಂದ ಆಗತಾನೆ ಬಿಡುಗಡೆ ಹೊಂದಿದವರು. ಈ ಉದ್ಯೋಗದ ಮೊದಲ ಗುರುಗಳು ಮೆಕ್ಸಿಕೋದವರು. 'ರಾಂಚ್', 'ಲ್ಯಾಸೊ', 'ರೋಡಿಯೊ' ಎಂಬ ಮಾತುಗಳೆಲ್ಲ ಅವರ ಸ್ಪ್ಯಾನಿಷ್ ನುಡಿಯಿಂದ ಬಂದವು. ಪಶ್ಚಿಮದ ಪರ್ವತಗಳನ್ನು ಕೊರೆದು ರೈಲುದಾರಿ ಹಾಕಿದ ಕೈಗಳು ಹತ್ತು ಸಾವಿರಕ್ಕೂ ಮಿಗಿಲಾದ ಚೀನೀ ಕೂಲಿಗಳವು. ಇವರೆಲ್ಲರಿಗಿಂತ ಮುಂಚೆ ಆ ನೆಲದಲ್ಲಿದ್ದವರು ಮೂಲನಿವಾಸಿಗಳು. ಅವರ ಅನ್ನವಾಗಿದ್ದ ಕಾಡೆಮ್ಮೆಗಳು ಕೋಟಿಗಟ್ಟಲೆ ಇದ್ದವು. ೧೮೮೦ರ ದಶಕ ಮುಗಿಯುವ ಹೊತ್ತಿಗೆ ಕೆಲವು ನೂರು ಮಾತ್ರ ಉಳಿದವು. ಜನಗಣತಿಯ ಆ ವರ್ಷದಲ್ಲಿಯೇ, ೧೮೯೦ನೆಯ ಡಿಸೆಂಬರ್ ೨೯ರಂದು, ಸೌತ್ ಡಕೋಟಾದ ವೂಂಡೆಡ್ ನೀ ಎಂಬ ಹಳ್ಳದ ದಡದಲ್ಲಿ ಲಕೋಟಾ ಜನರು ಗಂಡಸು ಹೆಂಗಸು ಮಕ್ಕಳೆನ್ನದೆ ನೂರಾರು ಸಂಖ್ಯೆಯಲ್ಲಿ ಸೈನಿಕರ ಗುಂಡಿಗೆ ಬಲಿಯಾದರು. ಬಯಲು ಬರಿದಾಗಿರಲಿಲ್ಲ, ಬರಿದು ಮಾಡಲ್ಪಟ್ಟಿತು.

೩

ಈ ಇತಿಹಾಸವು ಮುಗಿಯುವುದಕ್ಕೆ ಮೊದಲೇ ಪ್ರದರ್ಶನವಾಗತೊಡಗಿದ್ದು ವಿಚಿತ್ರ. 'ಬಫಲೋ ಬಿಲ್' ಎಂದು ಹೆಸರಾದ ವಿಲಿಯಂ ಕೋಡಿಯು ೧೮೮೩ರಲ್ಲಿ ಕುದುರೆ, ಬಂಡಿ, ಬಂದೂಕುಗಳನ್ನೂ ನಿಜವಾದ ಮೂಲನಿವಾಸಿಗಳನ್ನೂ ಕೂಡಿಸಿಕೊಂಡು ಊರೂರು ತಿರುಗುವ ಒಂದು ದೊಡ್ಡ ಆಟವನ್ನು ಕಟ್ಟಿದನು. ಲಕೋಟಾ ಜನರ ನಾಯಕನಾಗಿ ಅಮೆರಿಕದ ಸೇನೆಯನ್ನು ಎದುರಿಸಿದ್ದ ಸಿಟ್ಟಿಂಗ್ ಬುಲ್ ಎಂಬ ಹಿರಿಯನು ೧೮೮೫ರಲ್ಲಿ ಕೆಲವು ತಿಂಗಳು ಆ ಆಟದಲ್ಲಿ ಸಂಬಳಕ್ಕೆ ನಿಂತು ಜನರಿಗೆ ಮುಖ ತೋರಿಸಿದನು. ೧೮೯೩ರಲ್ಲಿ ಶಿಕಾಗೋ ನಗರದಲ್ಲಿ ಲೋಕಪ್ರದರ್ಶನ ನಡೆದಾಗ ಕೋಡಿಯ ಡೇರೆಗಳು ಅದರ ಮಗ್ಗುಲಲ್ಲಿಯೇ ಎದ್ದವು. ಅದೇ ಬೇಸಗೆಯಲ್ಲಿ, ಅದೇ ನಗರದಲ್ಲಿ ಸೇರಿದ್ದ ಇತಿಹಾಸಜ್ಞರ ಸಭೆಯಲ್ಲಿ, ಫ್ರೆಡರಿಕ್ ಜ್ಯಾಕ್ಸನ್ ಟರ್ನರ್ ಎಂಬ ತರುಣ ಪಂಡಿತನು ತನ್ನ ಪ್ರಸಿದ್ಧವಾದ ಪ್ರಬಂಧವನ್ನು ಓದಿದನು. ಪಶ್ಚಿಮಕ್ಕೆ ಸರಿಯುತ್ತ ಹೋದ ವಸತಿಯ ಅಂಚೇ ಅಮೆರಿಕದವರ ಸ್ವಾತಂತ್ರ್ಯಪ್ರೇಮಕ್ಕೂ ಪ್ರಜಾಪ್ರಭುತ್ವಕ್ಕೂ ಕಾರಣವೆಂಬುದು ಅವನ ಸಿದ್ಧಾಂತ.

ಕೋಡಿಯ ಕೈಯಲ್ಲಿ ಬಂದೂಕಿತ್ತು, ಟರ್ನರನ ಮನಸ್ಸಿನಲ್ಲಿ ನೇಗಿಲಿತ್ತು. ಒಬ್ಬನು ಕಾದಾಡಿ ಗೆದ್ದ ನಾಡೆಂದು ತೋರಿಸಿದನು. ಇನ್ನೊಬ್ಬನು ಬಿಟ್ಟಿಯಾಗಿ ಬಿದ್ದಿದ್ದ ನೆಲವೆಂದು ವಾದಿಸಿದನು. ಮುಂದೆ ಬಂದ ಚಿತ್ರಗಳು ಇಬ್ಬರಿಂದಲೂ ಸಾಲ ತಂದವು. ೧೯೦೨ರಲ್ಲಿ ಓವೆನ್ ವಿಸ್ಟರನ 'ದಿ ವರ್ಜೀನಿಯನ್' ಎಂಬ ಕಾದಂಬರಿಯು ಕೂಲಿಯವನಾದ ತುರುಗಾಹಿಯನ್ನು ಮಿತಭಾಷಿಯೂ ಮಾನವಂತನೂ ಆದ ಧೀರನನ್ನಾಗಿ ಮಾಡಿತು. ೧೯೦೩ರಲ್ಲಿ ಎಡ್ವಿನ್ ಪೋರ್ಟರನು 'ದಿ ಗ್ರೇಟ್ ಟ್ರೇನ್ ರಾಬರಿ' ಎಂಬ ಹನ್ನೆರಡು ನಿಮಿಷದ ಮೂಕಚಿತ್ರವನ್ನು ತೆಗೆದನು. ಅದರ ಕಳ್ಳನೊಬ್ಬನು ಪ್ರೇಕ್ಷಕರತ್ತ ತಿರುಗಿ ಗುಂಡು ಹಾರಿಸುವ ನೋಟವು ಇಂದಿಗೂ ಪ್ರಸಿದ್ಧ. ಆದರೆ ಆ ಪಡುವಣ ಸೀಮೆಯ ಬಹುಭಾಗವನ್ನು ತೆಗೆದದ್ದು ಪೂರ್ವತೀರದ ನ್ಯೂ ಜೆರ್ಸಿಯಲ್ಲಿ. ನೆಲ ಯಾವುದಾದರೂ ಆದೀತು, ಕಥೆ ಪಡುವಣದ್ದಾದರೆ ಸಾಕೆಂಬ ಪದ್ಧತಿಯು ಹೀಗೆ ಹುಟ್ಟಿನಿಂದಲೇ ಬಂದಿತು.

೪

ಮೂಕಚಿತ್ರಗಳ ಕಾಲದಲ್ಲಿ ಇಂತಹ ಚಿತ್ರಗಳು ಹೇರಳವಾಗಿ ಬಂದವು. ವಾಕ್ಚಿತ್ರದ ಮೊದಲ ದಶಕದಲ್ಲಿ ಅವು ಬಹುಮಟ್ಟಿಗೆ ಹುಡುಗರ ನೋಟವೆಂಬ ಅನಾದರಕ್ಕೆ ಗುರಿಯಾದವು. ಅವುಗಳನ್ನು ಮತ್ತೆ ಪ್ರೌಢರ ಮುಂದೆ ತಂದು ನಿಲ್ಲಿಸಿದ ಕೀರ್ತಿಯು ೧೯೩೯ರ 'ಸ್ಟೇಜ್‌ಕೋಚ್' ಚಿತ್ರಕ್ಕೆ ಸಲ್ಲುವುದು. ಅದರ ನಿರ್ದೇಶಕನಾದ ಜಾನ್ ಫೋರ್ಡನು ಐರ್ಲೆಂಡಿನಿಂದ ವಲಸೆ ಬಂದವರ ಮಗ. ಹುಟ್ಟಿದ್ದು ಪೂರ್ವತೀರದ ಮೇನ್ ಪ್ರಾಂತದಲ್ಲಿ. ಪಡುವಣ ಸೀಮೆಯ ಕವಿಯೆಂಬ ಹೆಸರು ಅವನಿಗೇ ಮೀಸಲಾಯಿತು.

ಸ್ಟೇಜ್‌ಕೋಚ್ ಎಂದರೆ ಕುದುರೆಗಳನ್ನು ಹೂಡಿದ, ಜನರನ್ನೂ ಟಪ್ಪಾಲನ್ನೂ ಒಯ್ಯುವ ಬಂಡಿ. ಫೋರ್ಡನು ಆ ಇಕ್ಕಟ್ಟಾದ ಬಂಡಿಯೊಳಗೆ ಇಡಿಯ ಸಮಾಜವನ್ನೇ ಕೂರಿಸಿದನು. ಸೇನಾಧಿಕಾರಿಯ ಗರ್ಭಿಣಿ ಪತ್ನಿ, ಪೇಟೆಯ ಹಣವನ್ನು ಚೀಲದಲ್ಲಿ ಕದ್ದೊಯ್ಯುವ ಬ್ಯಾಂಕಿನವನು, ಕುಲೀನನಾಗಿದ್ದು ಜೂಜುಗಾರನಾದವನು, ಸಾರಾಯಿಯ ಮಾರಾಟಗಾರ, ಕುಡುಕ ವೈದ್ಯ, ಊರಿನ ಸಭ್ಯ ಸ್ತ್ರೀಯರ ಸಂಘವು ಓಡಿಸಿದ ವೇಶ್ಯೆ. ದಾರಿಯಲ್ಲಿ ಸೆರೆಮನೆಯಿಂದ ತಪ್ಪಿಸಿಕೊಂಡು ಬಂದ ರಿಂಗೋ ಎಂಬ ತರುಣನು ಬಂಡಿಯನ್ನು ತಡೆದು ಹತ್ತುತ್ತಾನೆ. ಈ ಪಾತ್ರದಿಂದ ಜಾನ್ ವೇನನು ದೊಡ್ಡ ನಟನೆನಿಸಿದನು. ಗರ್ಭಿಣಿಗೆ ನಡುದಾರಿಯಲ್ಲಿ ಹೆರಿಗೆಯಾದಾಗ ಕೈ ನೀಡುವವರು ಯಾರು? ಊರು ಹೊರಹಾಕಿದ ಕುಡುಕನೂ ವೇಶ್ಯೆಯೂ. ಧರ್ಮನೀತಿಯನ್ನು ಉಪದೇಶಿಸುತ್ತ ಕುಳಿತ ಬ್ಯಾಂಕಿನವನೇ ಕಳ್ಳ. ಕಡೆಗೆ ರಿಂಗೋ ತನ್ನವರನ್ನು ಕೊಂದವರ ಮೇಲೆ ಹಗೆ ತೀರಿಸಿಕೊಂಡ ಮೇಲೆ, ಅವನನ್ನು ಹಿಡಿಯಬೇಕಾದ ಅಧಿಕಾರಿಯೇ ಅವನನ್ನೂ ಆ ಹೆಂಗಸನ್ನೂ ಗಡಿಯಾಚೆಗೆ ಹೊರಡಿಸಿಬಿಡುತ್ತಾನೆ. ನಾಗರಿಕತೆಯ ಸುಖ ಇವರಿಗೆ ಬೇಡವೆಂದು ವೈದ್ಯನು ನಗುತ್ತಾನೆ.

ಸಮಾಜದ ಮೇಲಣ ಟೀಕೆ ಇಲ್ಲಿ ಹರಿತವಾಗಿದೆ. ಆದರೆ ಬಂಡಿಯೊಳಗಿನವರೆಲ್ಲರಿಗೂ ಹೆಸರು, ಮಾತು, ಪೂರ್ವಕಥೆ ಉಂಟು. ಹೊರಗಿನಿಂದ ಬಂಡಿಯ ಮೇಲೆ ಬೀಳುವ ಅಪಾಚೆ ಜನರಿಗೆ ಇದಾವುದೂ ಇಲ್ಲ. ಅವರು ಬೆಟ್ಟದ ನೆತ್ತಿಯಲ್ಲಿ ಬಂಡೆಗಳಂತೆ ಕಾಣಿಸಿಕೊಳ್ಳುತ್ತಾರೆ, ಧೂಳಿನಂತೆ ಬರುತ್ತಾರೆ, ಗುಂಡು ತಗುಲಿ ಉರುಳುತ್ತಾರೆ. ಬಿರುಗಾಳಿಯೂ ಬಾಯಾರಿಕೆಯೂ ಹೇಗೋ ಹಾಗೆ ಅವರೂ ಪ್ರಕೃತಿಯ ಒಂದು ಉಪದ್ರವ.

೫

ಈ ಚಿತ್ರದಿಂದ ಲೋಕಕ್ಕೆ ಪರಿಚಯವಾದ ಬಯಲೇ ಮಾನ್ಯುಮೆಂಟ್ ವ್ಯಾಲಿ. ಅರಿಜೋನಾ ಮತ್ತು ಯೂಟಾ ಪ್ರಾಂತಗಳ ಗಡಿಯಲ್ಲಿ, ಕೆಂಪು ಮಣ್ಣಿನ ವಿಶಾಲವಾದ ಮೈದಾನದ ನಡುವೆ, ಮರಳುಗಲ್ಲಿನ ದಿಬ್ಬಗಳು ನಾನೂರರಿಂದ ಸಾವಿರ ಅಡಿಯವರೆಗೆ ನೆಟ್ಟಗೆ ಎದ್ದು ನಿಂತಿವೆ. ಅವುಗಳ ಕಾಲಡಿಯಲ್ಲಿ ಕುದುರೆಯ ಸವಾರನು ಇರುವೆಯಷ್ಟು ಸಣ್ಣವನು. ಮನುಷ್ಯನ ಕೆಲಸಕ್ಕೆ ಘನತೆಯನ್ನು ಕೊಟ್ಟು, ಅವನ ಆಯುಸ್ಸನ್ನು ಕಿರಿದುಮಾಡಿ ತೋರಿಸುವ ಈ ನೆಲದಲ್ಲಿ ಫೋರ್ಡನು ೧೯೩೯ರಿಂದ ೧೯೬೪ರವರೆಗೆ ಏಳು ಚಿತ್ರಗಳ ದೃಶ್ಯಗಳನ್ನು ತೆಗೆದನು.

ಆದರೆ ಈ ನೆಲಕ್ಕೆ ಒಡೆಯರುಂಟು. ಅದು ನಾವಾಹೋ ಜನರ ನಾಡು. ೧೮೬೩-೬೪ರಲ್ಲಿ ಕಿಟ್ ಕಾರ್ಸನ್ನನ ದಂಡು ಅವರ ಪೈರನ್ನು ಸುಟ್ಟು, ಹಣ್ಣಿನ ಮರಗಳನ್ನು ಕಡಿದು, ಹಸಿವಿನಿಂದ ಅವರನ್ನು ಶರಣಾಗಿಸಿತು. ಎಂಟು ಸಾವಿರಕ್ಕೂ ಮಿಗಿಲಾದ ಜನರನ್ನು ಸುಮಾರು ಮುನ್ನೂರು ಮೈಲಿ ಕಾಲ್ನಡಿಗೆಯಲ್ಲಿ ಪೂರ್ವಕ್ಕೆ ಅಟ್ಟಿ ಬಾಸ್ಕ್ ರಿಡೊಂಡೊ ಎಂಬ ಬರಡು ಬಯಲಿನಲ್ಲಿ ಕೂಡಿಹಾಕಲಾಯಿತು. ಹಸಿವೂ ರೋಗವೂ ಬಹುಜನರನ್ನು ತಿಂದವು. ೧೮೬೮ರ ಒಪ್ಪಂದದಿಂದ ಉಳಿದವರು ತಮ್ಮ ನೆಲಕ್ಕೆ ಹಿಂದಿರುಗಿದರು; ಹಾಗೆ ಹಿಂದಿರುಗಲು ಅನುಮತಿ ಪಡೆದ ಜನಾಂಗಗಳು ಬಹಳ ವಿರಳ. ೧೯೩೦ರ ದಶಕದ ಹಣದ ಮುಗ್ಗಟ್ಟಿನಲ್ಲಿ ಆ ಸೀಮೆಯೂ ನರಳುತ್ತಿದ್ದಾಗ, ಅಲ್ಲಿ ಅಂಗಡಿಯಿಟ್ಟಿದ್ದ ಹ್ಯಾರಿ ಗೋಲ್ಡಿಂಗ್ ಎಂಬ ವರ್ತಕನು ಕಣಿವೆಯ ಛಾಯಾಚಿತ್ರಗಳನ್ನು ತೆಗೆದುಕೊಂಡು ಹಾಲಿವುಡ್ಡಿಗೆ ಹೋಗಿ ಫೋರ್ಡನಿಗೆ ತೋರಿಸಿದನೆಂದು ಹೇಳುವರು. ಚಿತ್ರ ಬಂದುದರಿಂದ ನಾವಾಹೋಗಳಿಗೆ ಕೂಲಿ ದೊರೆಯಿತು. ಕೆಲಸವೇನೆಂದರೆ, ತಮ್ಮ ನೆಲದಲ್ಲಿಯೇ ಒಂದು ಚಿತ್ರದಲ್ಲಿ ಅಪಾಚೆಗಳಾಗಿ, ಇನ್ನೊಂದರಲ್ಲಿ ಕೊಮಾಂಚೆಗಳಾಗಿ ಕುದುರೆಯಿಂದ ಬೀಳುವುದು.

ನೆಲವನ್ನು ಬದಲಿಸಿದಂತೆ ಸಂಗತಿಯನ್ನೂ ಬದಲಿಸುವುದು ಸುಲಭವೆಂಬುದಕ್ಕೆ ೧೯೪೬ರ 'ಮೈ ಡಾರ್ಲಿಂಗ್ ಕ್ಲೆಮೆಂಟೈನ್' ಸಾಕ್ಷಿ. ಆರಂಭದಲ್ಲಿ ಹೇಳಿದ ವೈಯಟ್ ಅರ್ಪನ ಕಥೆಯಿದು. ಅರ್ಪನ ಬಾಯಿಂದ ಕೇಳಿದಂತೆಯೇ ಕಾಳಗವನ್ನು ಚಿತ್ರಿಸಿದುದಾಗಿ ಫೋರ್ಡನು ಹೇಳಿಕೊಳ್ಳುತ್ತಿದ್ದನು. ಆದರೆ ಟೂಂಬ್‌ಸ್ಟೋನ್ ಊರು ಮೆಕ್ಸಿಕೋದ ಗಡಿಯ ಹತ್ತಿರದಲ್ಲಿದೆ. ಮಾನ್ಯುಮೆಂಟ್ ವ್ಯಾಲಿ ಅಲ್ಲಿಂದ ಮುನ್ನೂರು ಮೈಲಿಗೂ ಹೆಚ್ಚು ದೂರ. ಚಿತ್ರದಲ್ಲಿ ತಮ್ಮನಾದ ಜೇಮ್ಸನನ್ನು ತುರುಗಳ್ಳರು ಕೊಲ್ಲುತ್ತಾರೆ, ವೈಯಟ್ಟನು ಅಧಿಕಾರವನ್ನು ವಹಿಸಿ ನ್ಯಾಯ ದೊರಕಿಸುತ್ತಾನೆ. ವಾಸ್ತವವಾಗಿ ಜೇಮ್ಸನು ಅಣ್ಣ, ೧೯೨೬ರವರೆಗೆ ಬದುಕಿದ್ದನು. ಊರಿನ ಮಾರ್ಷಲ್ ಆಗಿದ್ದವನು ಇನ್ನೊಬ್ಬ ಅಣ್ಣನಾದ ವರ್ಜಿಲ್. ಚಿತ್ರದ ಮುಖ್ಯ ದುಷ್ಟನಾದ ಮುದುಕ ಕ್ಲಾಂಟನ್ ಕಾಳಗಕ್ಕೆ ಎರಡು ತಿಂಗಳು ಮುಂಚೆಯೇ ಸತ್ತಿದ್ದನು. ಕಾಳಗದಲ್ಲಿ ಮಡಿಯುವಂತೆ ತೋರಿಸಿರುವ ಹಾಲಿಡೇ ೧೮೮೭ರಲ್ಲಿ ಕ್ಷಯರೋಗದಿಂದ ಸತ್ತನು. ಅರ್ಧ ನಿಮಿಷದಲ್ಲಿ ಮುಗಿದು ಮೂವರನ್ನು ಬಲಿ ತೆಗೆದುಕೊಂಡ ಆ ಕಾಳಗಕ್ಕೆ ನೆಪವಾದದ್ದು ಊರಿನೊಳಗೆ ಆಯುಧ ಧರಿಸಕೂಡದೆಂಬ ಪುರಸಭೆಯ ನಿಯಮ. ಬಳಿಕ ಒಂದು ತಿಂಗಳು ನ್ಯಾಯವಿಚಾರಣೆ ನಡೆದು ಅರ್ಪ್ ಸೋದರರು ಬಿಡುಗಡೆ ಹೊಂದಿದರು. ವರ್ಜಿಲನ ಮೇಲೆ ಗುಂಡು ಬಿದ್ದು ತೋಳು ಊನವಾಯಿತು. ಮಾರ್ಗನ್ ಎಂಬ ತಮ್ಮನ ಕೊಲೆಯಾಯಿತು. ವೈಯಟ್ಟನು ಸೇಡಿನ ಕೊಲೆಗಳನ್ನು ಮಾಡಿ ೧೮೮೨ರಲ್ಲಿ ಅರಿಜೋನಾವನ್ನು ಬಿಟ್ಟಾಗ ಅವನ ಹೆಸರಿನಲ್ಲಿ ವಾರಂಟು ಹೊರಟಿತ್ತು. ಚಿತ್ರದಲ್ಲಿ ಅವನು ಪ್ರಿಯೆಗೆ ವಂದಿಸಿ ದಿಗಂತದತ್ತ ಕುದುರೆ ನಡೆಸುತ್ತಾನೆ.

ಇಷ್ಟೆಲ್ಲ ತಪ್ಪಿದ್ದರೂ ಆ ಚಿತ್ರದಲ್ಲಿ ಒಂದು ನೋಟವುಂಟು. ಅದರ ಸತ್ಯವು ಬೇರೆ ಬಗೆಯದು. ಭಾನುವಾರ ಬೆಳಗ್ಗೆ ಊರಿನವರು ಇನ್ನೂ ಗೋಡೆಯೇಳದ ದೇವಾಲಯದ ಹಲಗೆಯ ನೆಲದ ಮೇಲೆ ಕುಣಿಯುತ್ತಾರೆ. ಮೇಲೆ ಗಂಟೆಯ ಚೌಕಟ್ಟು, ಎರಡು ಧ್ವಜಗಳು, ಸುತ್ತಲೂ ಬಯಲು. ಅರ್ಪನು ಕ್ಲೆಮೆಂಟೈನಳ ಕೈ ಹಿಡಿದು ನಾಚಿಕೆಯಿಂದಲೇ ಕುಣಿತಕ್ಕೆ ಇಳಿಯುತ್ತಾನೆ. ನೆಲವೊಂದು ಸಿದ್ಧವಾದರೆ ಸಾಕು, ಗೋಡೆಯಿಲ್ಲದಿದ್ದರೂ ಜನರು ಸಮಾಜವಾಗುವರು ಎಂಬ ಹಂಬಲವನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು. ಆ ಹಲಗೆಯ ಕೆಳಗಿನ ಮಣ್ಣು ಯಾರದೆಂದು ಕೇಳುವವರು ಮಾತ್ರ ಅಲ್ಲಿಲ್ಲ.

೬

ವೀರನಿಗೂ ಊರಿಗೂ ಇರುವ ಸಂಬಂಧವನ್ನು ಪರೀಕ್ಷೆಗೆ ಒಡ್ಡಿದ ಎರಡು ಚಿತ್ರಗಳು ಒಂದರ ಹಿಂದೊಂದು ಬಂದವು. ೧೯೫೨ರ 'ಹೈ ನೂನ್' ಫ್ರೆಡ್ ಜಿನ್ನೆಮನ್ನನದು. ಹಳೆಯ ವೈರಿಯು ನಡುಹಗಲಿನ ರೈಲಿನಲ್ಲಿ ಬರುತ್ತಾನೆಂದು ತಿಳಿದ ಮಾರ್ಷಲ್ ಕೇನ್ ಸಹಾಯಕ್ಕಾಗಿ ಪಾನಗೃಹಕ್ಕೂ ದೇವಾಲಯಕ್ಕೂ ಹೋಗಿ ಅಂಗಲಾಚುತ್ತಾನೆ. ಪ್ರತಿಯೊಬ್ಬನಿಗೂ ಒಂದು ನೆಪವುಂಟು. ಊರಿಗೆ ಬಂಡವಾಳ ಬರುವ ಸಮಯದಲ್ಲಿ ಗುಂಡಿನ ಗಲಭೆ ತರವಲ್ಲವೆಂಬ ವಿವೇಕದ ಮಾತೂ ಬರುತ್ತದೆ. ಕಡೆಗೆ ಅಹಿಂಸಾವ್ರತದ ಮತಕ್ಕೆ ಸೇರಿದ ಅವನ ನವವಧುವೊಬ್ಬಳೇ ನೆರವಿಗೆ ಬರುವಳು. ಗೆದ್ದ ಮೇಲೆ ಅವನು ಅಧಿಕಾರದ ನಕ್ಷತ್ರವನ್ನು ಧೂಳಿಗೆ ಎಸೆದು ಹೊರಡುತ್ತಾನೆ. ಈ ಚಿತ್ರದಲ್ಲಿ ಭವ್ಯವಾದ ಬಯಲಿಲ್ಲ. ಬರಿದಾದ ಬೀದಿ, ಬಿಳಿಚಿದ ಆಕಾಶ, ನೇರವಾದ ರೈಲುಹಳಿ ಇಷ್ಟೇ. ಕಥೆಯನ್ನು ಬರೆದ ಕಾರ್ಲ್ ಫೋರ್ಮನ್ ೧೯೫೧ರಲ್ಲಿ ಕಮ್ಯೂನಿಸ್ಟರ ಶೋಧನೆ ನಡೆಸುತ್ತಿದ್ದ ಶಾಸನಸಭೆಯ ಸಮಿತಿಯ ಮುಂದೆ ನಿಂತು ಇತರರ ಹೆಸರು ಹೇಳಲೊಲ್ಲದೆ, ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಹೋದವನು. ಬಾಗಿಲು ಮುಚ್ಚಿಕೊಂಡ ಊರು ಯಾವುದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

೧೯೫೩ರ 'ಶೇನ್' ಜಾರ್ಜ್ ಸ್ಟೀವನ್ಸನದು. ವಯೋಮಿಂಗ್ ಸೀಮೆಯಲ್ಲಿ ದನದ ದೊಡ್ಡ ಒಡೆಯನೊಬ್ಬನು ಬಡ ರೈತರನ್ನು ಓಡಿಸಲು ಕೊಲೆಗಾರನನ್ನು ತರಿಸುತ್ತಾನೆ. ಎಲ್ಲಿಂದಲೋ ಬಂದ ಶೇನ್ ಅವರನ್ನು ಕೊಂದು, ಕೊಲೆ ಮಾಡಿದವನಿಗೆ ಇಲ್ಲಿ ಬಾಳುವೆಯಿಲ್ಲವೆಂದು ಬಾಲಕನಿಗೆ ಹೇಳಿ, ಗಾಯಗೊಂಡವನಾಗಿಯೇ ಬೆಟ್ಟದತ್ತ ಹೊರಟುಹೋಗುತ್ತಾನೆ. ಇದರಲ್ಲಿ ಒಂದು ವಾಗ್ವಾದವು ಗಮನಾರ್ಹ. ಈ ನೆಲವನ್ನು ರಕ್ತ ಸುರಿಸಿ ಹದಮಾಡಿದವರು ನಾವೆಂದು ಒಡೆಯನು ವಾದಿಸಿದರೆ, ನಿಮಗಿಂತ ಮುಂಚೆ ಬೇಟೆಗಾರರೂ ಮೂಲನಿವಾಸಿಗಳೊಡನೆ ವ್ಯಾಪಾರ ಮಾಡುವವರೂ ಇಲ್ಲಿದ್ದರೆಂದು ರೈತನು ಉತ್ತರ ಕೊಡುತ್ತಾನೆ. ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿದ್ದರೆ ವಾದವು ನೆಲದ ಮೊದಲ ಒಡೆಯರ ಬಳಿಗೇ ಬರುತ್ತಿತ್ತು. ಆ ಹೆಜ್ಜೆಯನ್ನು ಇಬ್ಬರೂ ಇಡುವುದಿಲ್ಲ.

ಈ ಕಥೆಯ ಹಿನ್ನೆಲೆಯಲ್ಲಿರುವ ನಿಜ ಸಂಗತಿಯು ೧೮೯೨ರಲ್ಲಿ ವಯೋಮಿಂಗಿನ ಜಾನ್ಸನ್ ಕೌಂಟಿಯಲ್ಲಿ ನಡೆಯಿತು. ದನದ ಒಡೆಯರು ಟೆಕ್ಸಾಸಿನಿಂದ ಬಂದೂಕಿನವರನ್ನು ಕೂಲಿಗೆ ತಂದು ಸಣ್ಣ ರೈತರ ಮೇಲೆ ದಂಡೆತ್ತಿ ಹೋದರು, ಇಬ್ಬರನ್ನು ಕೊಂದರು. ಆಗ ಯಾವ ಶೇನನೂ ಬರಲಿಲ್ಲ. ಆ ಸೀಮೆಯ ಜನರೇ ನೂರಾರು ಸಂಖ್ಯೆಯಲ್ಲಿ ಕೂಡಿ ಬಂದು, ದಾಳಿಕಾರರನ್ನು ಒಂದು ತೋಟದ ಮನೆಯಲ್ಲಿ ಮುತ್ತಿ ಹಿಡಿದರು. ಸರ್ಕಾರದ ಅಶ್ವದಳವು ಬಂದದ್ದು ನಿಜ. ಅದು ಬಿಡಿಸಿಕೊಂಡು ಹೋದದ್ದು ಆ ದಾಳಿಕಾರರನ್ನು. ಅವರಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಇದನ್ನು ನೋಡಿದರೆ, ಊರು ಚಿತ್ರಗಳಲ್ಲಿರುವಷ್ಟು ಹೇಡಿಯೂ ಆಗಿರಲಿಲ್ಲ, ವೀರನು ಅಷ್ಟು ಅನಿವಾರ್ಯನೂ ಆಗಿರಲಿಲ್ಲ. ಹತ್ತು ಜನರ ಹುಲ್ಲು ಒಬ್ಬನ ಹೊರೆ ಎಂಬ ನಾಣ್ನುಡಿಯಂತೆ, ಹಲವರು ಕೂಡಿ ಮಾಡಿದ ಕೆಲಸವನ್ನು ಕಥೆಯು ಒಬ್ಬನ ಸೊಂಟಕ್ಕೆ ಕಟ್ಟಿತು.

೭

ವೀರರಸವು ತನ್ನ ಒಳಗಣ ರೌದ್ರವನ್ನು ತಾನೇ ನೋಡಿಕೊಂಡದ್ದು ಫೋರ್ಡನ ೧೯೫೬ರ 'ದಿ ಸರ್ಚರ್ಸ್' ಚಿತ್ರದಲ್ಲಿ. ಕತ್ತಲೆಯ ಮನೆಯೊಳಗಿಂದ ಬಾಗಿಲು ತೆರೆಯುತ್ತದೆ; ಹೊರಗೆ ಉರಿಬಿಸಿಲಿನ ಬಯಲು; ದೂರದಿಂದ ಒಬ್ಬ ಸವಾರ ಬರುತ್ತಾನೆ. ಕಾಲವು ೧೮೬೮, ಸ್ಥಳವು ಟೆಕ್ಸಾಸ್ ಎಂದು ಚಿತ್ರವು ತಿಳಿಸುತ್ತದೆ. ಸ್ಥಳವು ನಿಜವಾಗಿ ಮಾನ್ಯುಮೆಂಟ್ ವ್ಯಾಲಿ. ಆ ವರ್ಷವು ನಾವಾಹೋಗಳು ಸೆರೆಯಿಂದ ಅದೇ ಸೀಮೆಗೆ ನಡೆದು ಬಂದ ವರ್ಷ.

ಸವಾರನು ಈತನ್ ಎಡ್ವರ್ಡ್ಸ್. ಅಂತರ್ಯುದ್ಧದಲ್ಲಿ ಸೋತ ಪಕ್ಷದವನು. ಕೊಮಾಂಚೆಗಳು ಅವನ ಸೋದರನ ಮನೆಯನ್ನು ಸುಟ್ಟು ಡೆಬಿ ಎಂಬ ಹುಡುಗಿಯನ್ನು ಒಯ್ಯುತ್ತಾರೆ. ಈತನ್ ವರ್ಷಗಟ್ಟಲೆ ಅವಳನ್ನು ಅರಸುತ್ತಾನೆ. ಕೆಲವು ಕಾಲವಾದ ಮೇಲೆ ಪ್ರೇಕ್ಷಕನಿಗೆ ಒಂದು ಭಯವುಂಟಾಗುತ್ತದೆ: ಇವನು ಹುಡುಕುತ್ತಿರುವುದು ಅವಳನ್ನು ಉಳಿಸುವುದಕ್ಕಲ್ಲ, ಕೊಮಾಂಚೆಯವನ ಹೆಂಡತಿಯಾಗಿ ಬೆಳೆದ ಅವಳನ್ನು ಕೊಲ್ಲುವುದಕ್ಕೆ. ಅವನ ವೈರಿಯಾದ ಸ್ಕಾರ್ ಎಂಬ ನಾಯಕನಿಗೂ ಬಿಳಿಯರಿಂದ ಸತ್ತ ಮಕ್ಕಳುಂಟು. ಇಬ್ಬರ ಹಗೆಯೂ ಒಂದೇ ಅಚ್ಚಿನದು. ಕಡೆಗೆ ಈತನ್ ಅವಳನ್ನು ಹಿಡಿದು ಮೇಲಕ್ಕೆತ್ತಿದಾಗ, ಯಾವ ಕಾರಣವನ್ನೂ ಹೇಳದೆ, ಕೊಲ್ಲುವ ಕೈಯಿಂದಲೇ ತಬ್ಬಿಕೊಂಡು ಮನೆಗೆ ಕರೆತರುತ್ತಾನೆ. ಎಲ್ಲರೂ ಒಳಗೆ ಹೋಗುತ್ತಾರೆ. ಅವನು ಹೊಸ್ತಿಲಿನಾಚೆ ನಿಂತು, ತನ್ನ ತೋಳನ್ನು ತಾನೇ ಹಿಡಿದುಕೊಂಡು, ತಿರುಗಿ ನಡೆಯುತ್ತಾನೆ. ಬಾಗಿಲು ಮುಚ್ಚುತ್ತದೆ. ಮನೆಯನ್ನು ಸಾಧ್ಯವಾಗಿಸಿದ ಹಗೆಯು ಮನೆಯೊಳಗೆ ಬರಲಾಗದು; ಆದುದರಿಂದಲೇ ವೀರನು ಹೊರಗೆ ಉಳಿಯುವನು.

ಈ ಕಥೆಗೆ ಹತ್ತಿರವಾದ ನಿಜ ಚರಿತ್ರೆಯು ಇನ್ನೂ ಕರುಣಾಜನಕ. ಸಿಂಥಿಯಾ ಆ್ಯನ್ ಪಾರ್ಕರ್ ಎಂಬ ಬಾಲಕಿಯನ್ನು ೧೮೩೬ರಲ್ಲಿ ಕೊಮಾಂಚೆಗಳು ಒಯ್ದರು. ಅವಳು ಅವರಲ್ಲೊಬ್ಬಳಾಗಿ ಬೆಳೆದು, ಮದುವೆಯಾಗಿ, ಮೂವರು ಮಕ್ಕಳ ತಾಯಾದಳು. ೧೮೬೦ರಲ್ಲಿ ಟೆಕ್ಸಾಸಿನ ಸೈನಿಕರು ಅವಳನ್ನು 'ಬಿಡಿಸಿ' ತಂದರು. ಮತ್ತೆ ಮತ್ತೆ ತಪ್ಪಿಸಿಕೊಂಡು ಹೋಗಲು ಯತ್ನಿಸಿ, ಗಂಡುಮಕ್ಕಳನ್ನು ಮರಳಿ ಕಾಣದೆ, ಅವಳು ಕೊರಗಿ ಸತ್ತಳು. ಅವಳ ಮಗನಾದ ಕ್ವಾನಾ ಕೊಮಾಂಚೆಗಳ ಕಡೆಯ ದೊಡ್ಡ ನಾಯಕನಾದನು. ಚಿತ್ರದ ಹುಡುಗಿಯು ಮನೆಯ ಬಾಗಿಲನ್ನು ಹೊಕ್ಕಳು. ಚರಿತ್ರೆಯ ಹೆಂಗಸಿಗೆ ಆ ಬಾಗಿಲು ಸೆರೆಮನೆಯ ಬಾಗಿಲಾಗಿತ್ತು.

೮

ಚರಿತ್ರೆಗೂ ಐತಿಹ್ಯಕ್ಕೂ ಇರುವ ಈ ಅಂತರವನ್ನೇ ಫೋರ್ಡನು ಕಥಾವಸ್ತುವಾಗಿ ಮಾಡಿದ್ದು ಎರಡು ಸಲ. ೧೯೪೮ರ 'ಫೋರ್ಟ್ ಅಪಾಚೆ' ಚಿತ್ರದಲ್ಲಿ ಗರ್ವಿಷ್ಠನಾದ ಸೇನಾಧಿಪತಿಯೊಬ್ಬನು ಮೂಲನಿವಾಸಿಗಳ ನಾಯಕನಾದ ಕೊಚೀಸನಿಗೆ ವಚನಭಂಗ ಮಾಡಿ ತನ್ನ ದಂಡನ್ನೇ ನಾಶಕ್ಕೆ ಒಯ್ಯುತ್ತಾನೆ. ೧೮೭೬ರಲ್ಲಿ ಲಿಟ್ಲ್ ಬಿಗ್‌ಹಾರ್ನ್ ಕಾಳಗದಲ್ಲಿ ಮಡಿದ ಕಸ್ಟರನ ನೆರಳು ಇಲ್ಲಿ ಸ್ಪಷ್ಟ. ಸತ್ಯವನ್ನು ಬಲ್ಲ ಕಿರಿಯ ಅಧಿಕಾರಿಯು ಪತ್ರಿಕೆಯವರ ಮುಂದೆ ಸತ್ತವನ ಕೀರ್ತಿಯನ್ನು ಕಾಪಾಡುತ್ತಾನೆ.

೧೯೬೨ರ 'ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲನ್ಸ್' ಇನ್ನೂ ಮುಂದೆ ಹೋಯಿತು. ನ್ಯಾಯವಾದಿಯಾದ ಸ್ಟಾಡರ್ಡನು ಲಿಬರ್ಟಿ ವ್ಯಾಲನ್ಸ್ ಎಂಬ ದುಷ್ಟನನ್ನು ಕೊಂದ ಕೀರ್ತಿಯಿಂದ ರಾಜ್ಯಪಾಲನಾಗಿ, ಸೆನೆಟ್ ಸಭೆಯ ಸದಸ್ಯನಾಗಿ ಮೇಲೇರಿದ್ದಾನೆ. ಗುಂಡು ಹಾರಿಸಿದವನು ನಿಜವಾಗಿ ಟಾಮ್ ಡಾನಿಫನ್. ಬೀದಿಯ ಕತ್ತಲೆಯಲ್ಲಿ ನಿಂತು, ಎದುರಾಗಿ ಅಲ್ಲ, ಮರೆಯಿಂದ ಹೊಡೆದನು. ತಾನು ಪ್ರೀತಿಸಿದ ಹೆಣ್ಣನ್ನೂ ಕೀರ್ತಿಯನ್ನೂ ನ್ಯಾಯವಾದಿಗೆ ಬಿಟ್ಟು, ಯಾರೂ ಅರಿಯದವನಾಗಿ ಸತ್ತು, ಅಗ್ಗದ ಪೆಟ್ಟಿಗೆಯಲ್ಲಿ ಮಲಗಿದ್ದಾನೆ. ಸ್ಟಾಡರ್ಡನು ಎಲ್ಲವನ್ನೂ ಹೇಳಿದ ಮೇಲೆ ಪತ್ರಿಕೆಯ ಸಂಪಾದಕನು ಬರೆದುಕೊಂಡ ಹಾಳೆಗಳನ್ನು ಹರಿದುಹಾಕುತ್ತಾನೆ. ಐತಿಹ್ಯವು ಸತ್ಯದ ಸ್ಥಾನದಲ್ಲಿ ಕುಳಿತುಬಿಟ್ಟಿತೆಂಬುದು ಅವನ ಅಭಿಪ್ರಾಯ. ವಾಚಕರು ಇಲ್ಲಿ ಒಂದನ್ನು ಗಮನಿಸಬೇಕು. ಪತ್ರಿಕೆಯು ಅಚ್ಚುಹಾಕದ ಸತ್ಯವನ್ನು ಚಿತ್ರವು ಅಚ್ಚುಹಾಕಿತು. ಈ ಚಿತ್ರದಲ್ಲಿ ಮಾನ್ಯುಮೆಂಟ್ ವ್ಯಾಲಿ ಇಲ್ಲ. ಬಹುಭಾಗವು ಸ್ಟುಡಿಯೋದ ಗೋಡೆಗಳ ನಡುವೆ, ಕಪ್ಪುಬಿಳುಪಿನಲ್ಲಿ ನಡೆಯುತ್ತದೆ. ಬಯಲಿನ ಗುರುತಾಗಿ ಉಳಿದದ್ದು ಶವದ ಪೆಟ್ಟಿಗೆಯ ಮೇಲೆ ಆ ಹೆಣ್ಣು ಇಟ್ಟ ಒಂದು ಕಳ್ಳಿಯ ಹೂ ಮಾತ್ರ.

ಎರಡು ವರ್ಷಗಳ ಬಳಿಕ ಫೋರ್ಡನು ಕಣಿವೆಗೆ ಹಿಂದಿರುಗಿ 'ಶೈಯೆನ್ ಆಟಮ್' ತೆಗೆದನು. ೧೮೭೮ರಲ್ಲಿ ಸುಮಾರು ಮುನ್ನೂರು ಮಂದಿ ಶೈಯೆನ್ ಜನರು ತಮ್ಮನ್ನು ಕೂಡಿಹಾಕಿದ್ದ ದಕ್ಷಿಣದ ಸೀಮೆಯಿಂದ ಉತ್ತರದ ತಾಯ್ನೆಲಕ್ಕೆ ನಡೆದುಹೊರಟ ಸಂಗತಿಯೇ ಅದರ ವಸ್ತು. ಪ್ರಾಯಶ್ಚಿತ್ತದ ಭಾವವು ಅದರಲ್ಲಿದೆ. ಆದರೂ ಮುಖ್ಯ ಪಾತ್ರಗಳನ್ನು ಧರಿಸಿದವರು ಮೂಲನಿವಾಸಿಗಳಲ್ಲ. ಶೈಯೆನ್ನರ ಗುಂಪಾಗಿ ನಿಂತವರು ಮತ್ತೆ ನಾವಾಹೋಗಳೇ, ಆಡಿದ್ದು ತಮ್ಮ ನಾವಾಹೋ ನುಡಿಯನ್ನೇ. ಗಂಭೀರವಾದ ಸಭೆಯ ದೃಶ್ಯದಲ್ಲಿ ಅವರು ಆಡಿದ ಮಾತನ್ನು ಕೇಳಿ ಆ ನುಡಿ ಬಲ್ಲ ಪ್ರೇಕ್ಷಕರು ನಕ್ಕರೆಂಬ ಹೇಳಿಕೆಯುಂಟು. ಒಪ್ಪಿಗೆಯ ಮಾತಿನಲ್ಲಿಯೂ ನೆಲದ ಒಡೆಯರ ನಾಲಗೆಯು ಬೇರೆಯವರ ಪಾತ್ರಕ್ಕೆ ಸಾಲವಾಗಿಯೇ ಹೋಯಿತು.

೯

ಈ ಚಿತ್ರಗಳ ಪ್ರಭಾವವು ಕರ್ಣಾಟಕದ ಬೆಟ್ಟಗಳನ್ನೂ ಮುಟ್ಟದೆ ಬಿಡಲಿಲ್ಲ. ೧೯೭೫ರಲ್ಲಿ ತೆರೆ ಕಂಡ ಹಿಂದಿಯ 'ಶೋಲೆ' ಪಡುವಣ ಚಿತ್ರಗಳ ಅಚ್ಚಿನಲ್ಲಿ ಎರಕವಾದದ್ದು. ಅದರ ಬಯಲಾಗಿ ರಮೇಶ್ ಸಿಪ್ಪಿ ಆರಿಸಿಕೊಂಡದ್ದು ರಾಮನಗರದ ಬಂಡೆಗಳನ್ನು. ಊರಿನ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನಿಗಳು ಆ ಕಲ್ಲಿಗೆ ಹೆಸರಿಟ್ಟಿರುವರು. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಆ ಬಂಡೆಗಳ ಬುಡದಲ್ಲಿ ರಾಮಗಢವೆಂಬ ಇಲ್ಲದ ಹಳ್ಳಿಯನ್ನು ಕಟ್ಟಲಾಯಿತು. ಆ ಕಥೆಯಲ್ಲಿಯೂ ಇಬ್ಬರು ವೀರರಲ್ಲಿ ಒಬ್ಬನು ಸಾಯುತ್ತಾನೆ, ಇನ್ನೊಬ್ಬನು ರೈಲು ಹತ್ತಿ ಹೋಗುತ್ತಾನೆ, ಹಳ್ಳಿ ಉಳಿಯುತ್ತದೆ. ಚಿತ್ರ ಮುಗಿದ ಮೇಲೆ ಹಳ್ಳಿಯೂ ಹೋಯಿತು. ಆದರೂ ರಾಮದೇವರ ಬೆಟ್ಟವನ್ನು ದೇವರ ಹೆಸರಿನಿಂದ ಕೇಳದೆ ಚಿತ್ರದ ಹೆಸರಿನಿಂದ ಕೇಳಿಕೊಂಡು ಬರುವವರು ಇಂದಿಗೂ ಉಂಟು. ಒಂದು ಕಥೆಯು ನೆಲದ ಹೆಸರನ್ನು ಎಷ್ಟು ಬೇಗ ಮರೆಸಬಲ್ಲದೆಂಬುದಕ್ಕೆ ಇದು ಸೌಮ್ಯವಾದ ನಿದರ್ಶನ.

ಪಡುವಣ ಚಿತ್ರಗಳನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭ; ಅದು ನ್ಯಾಯವಲ್ಲ. ಸಮಾಜವು ತನ್ನ ಅಡಿಪಾಯದಲ್ಲಿ ಹೂತಿಟ್ಟ ಹಿಂಸೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಅವುಗಳಷ್ಟು ಸ್ಪಷ್ಟವಾದ ಚಿತ್ರದಲ್ಲಿ ಕೇಳಿದ ಕಲೆ ಕಡಿಮೆ. ಹಿಂಸೆ ಮಾಡಿದವನನ್ನು ಬಾಗಿಲಿನ ಹೊರಗೆ ನಿಲ್ಲಿಸಿದರೆ ಒಳಗಿನವರು ಶುದ್ಧರಾಗುವರೆಂಬುದು ಅವುಗಳ ಮೊದಲ ಉತ್ತರ. ಆ ಉತ್ತರವು ಸಾಲದೆಂದು ಅವುಗಳಲ್ಲಿ ಹಿರಿಯವಾದವು ತಾವೇ ಕಂಡುಕೊಂಡವು. ಆದರೆ ಬಾಗಿಲು, ಒಳಗಿನವರು, ಹೊರಗಿನ ವೀರ ಎಂಬ ಲೆಕ್ಕದಲ್ಲಿ ಬಯಲಿನ ಜನರು ಕಡೆಯವರೆಗೂ ಬರಲಿಲ್ಲ.

ಮಾನ್ಯುಮೆಂಟ್ ವ್ಯಾಲಿಯನ್ನು ನಾವಾಹೋ ಜನರ ಸಭೆಯು ೧೯೫೮ರಲ್ಲಿ ತನ್ನ ಆಡಳಿತಕ್ಕೆ ಸೇರಿದ ಉದ್ಯಾನವೆಂದು ಘೋಷಿಸಿತು. ಫೋರ್ಡನು ಯಂತ್ರವನ್ನು ನಿಲ್ಲಿಸುತ್ತಿದ್ದ ಬಂಡೆಯ ಅಂಚಿಗೆ ಅವನ ಹೆಸರೇ ಉಳಿದಿದೆ. ಲೋಕದ ನಾನಾ ದೇಶಗಳಿಂದ ಆ ದಿಗಂತವನ್ನು ನೋಡಲು ಬರುವವರು ಇಂದು ಬಾಗಿಲಲ್ಲಿ ನಿಂತು ನಾವಾಹೋಗಳಿಗೆ ಶುಲ್ಕ ಕೊಟ್ಟು ಒಳಗೆ ಹೋಗಬೇಕು.